ನಮ್ಮದೇ ಬಿಳಿ ರಕ್ತಕಣ ಮೆದುಳಿನ ಮೇಲೆ ಯಾಕೆ ತಿರುಗಿ ಬೀಳುತ್ತದೆ?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಾವು ಚಿತ್ತಾಪುರ ತಾಲ್ಲೂಕಿನವರು. ತೊಗರಿ ಬೆಳೆಯುತ್ತೇವೆ. ನನ್ನ ತಂಗಿಗೆ 27 ವರ್ಷ, ಶಹಾಪುರದಲ್ಲಿ ಟೀಚರ್. ಎರಡು ವರ್ಷದ ಹಿಂದೆ ಅವಳ ಬಲಗಣ್ಣು ಮಂಜಾಗಿ, ತಿಂಗಳೊಪ್ಪತ್ತಿನಲ್ಲಿ ತಾನೇ ಸರಿಹೋಗಿತ್ತು. ಕಳೆದ ದೀಪಾವಳಿ ಹೊತ್ತಿಗೆ ಎರಡೂ ಕಾಲು ಜೋಮು ಹಿಡಿದವು. ಹೈದರಾಬಾದಿಗೆ ಕರೆದುಕೊಂಡು ಹೋದೆವು. ಎಂಆರ್‌ಐ ಮಾಡಿ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದರು. ಅವಳದೇ ರೋಗನಿರೋಧಕ ಕಣಗಳು ಮೆದುಳಿನಲ್ಲಿ ಗಾಯ ಮಾಡುತ್ತಿವೆಯಂತೆ. ಹಾಗಾದರೆ ಅವಳಿಗೆ ರೋಗನಿರೋಧಕ ಶಕ್ತಿ ಜಾಸ್ತಿಯೋ, ಕಮ್ಮಿಯೋ? ಮನೆಯಲ್ಲಿ ಅವ್ವ ದಿನಾ ಅಮೃತಬಳ್ಳಿ ಕಷಾಯ ಕೊಡುತ್ತಿದ್ದಾಳೆ. ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಆದ ಮೇಲೆ ಬಂದ ರಿಪೋರ್ಟಿನಲ್ಲಿ ‘ಬಿ ಸೆಲ್ ಸೊನ್ನೆ’ ಎಂದಿದೆ. ಅದನ್ನು ನೋಡಿ ಎಲ್ಲರಿಗೂ ಗಾಬರಿಯಾಗಿದೆ. ಈ ಏಪ್ರಿಲ್‌ನಲ್ಲಿ ಬಿಸಿಲಿಗೆ ಹೋಗಿ ಬಂದರೆ ಅದೇ ಬಲಗಣ್ಣು ಮತ್ತೆ ಮಂಜಾಗುತ್ತಿದೆ. ಹೊಸ ಗಾಯ ಆಗುತ್ತಿದೆಯೇ? ಮದುವೆ ಮಾತು ನಡೆದಿತ್ತು, ನಿಲ್ಲಿಸಿದ್ದೇವೆ. ನಮ್ಮಿಂದ ಏನಾದರೂ ತಪ್ಪಾಯಿತೇ?

ಉತ್ತರ: ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ಊಟದಲ್ಲಿ ಕೊರತೆ ಮಾಡಿದ್ದಕ್ಕೆ, ಓದಿಸಿ ದಣಿಸಿದ್ದಕ್ಕೆ, ದೂರದ ಊರಿಗೆ ಕೆಲಸಕ್ಕೆ ಕಳಿಸಿದ್ದಕ್ಕೆ ಈ ರೋಗ ಬರುವುದಿಲ್ಲ. ಕಲಬುರಗಿಯ ನನ್ನ ಕೋಣೆಯಲ್ಲಿ ಕೂತು ಎಷ್ಟೋ ತಾಯಂದಿರು ಹೀಗೆಯೇ ತಮ್ಮನ್ನು ತಾವು ಬೈದುಕೊಂಡಿದ್ದಾರೆ. ದಯವಿಟ್ಟು ಅವ್ವನಿಗೆ ಇದನ್ನು ಓದಿ ಹೇಳಿ.

ಇನ್ನು ಕಷಾಯ. ಅದನ್ನು ಇವತ್ತೇ ನಿಲ್ಲಿಸಿ. ನಿಮ್ಮ ತಂಗಿಯ ರೋಗನಿರೋಧಕ ಶಕ್ತಿ ಕಮ್ಮಿಯಾಗಿಲ್ಲ. ಅದರಲ್ಲಿರುವ ಕೆಲವು ಕಣಗಳು ಗುರುತು ತಪ್ಪಿವೆ. ಹೀಗಿರುವಾಗ ‘ಶಕ್ತಿ ಹೆಚ್ಚಿಸುವ’ ಔಷಧಿ ಕೊಡುವುದು ಅಂದರೆ, ದಾರಿ ತಪ್ಪಿದ ಎತ್ತಿಗೆ ಬಾರುಕೋಲು ತೋರಿಸಿದ ಹಾಗೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್ ಊದಿಕೊಂಡದ್ದನ್ನು ಮುಂಬೈನ ಲಿವರ್ ವೈದ್ಯರು 2021ರಲ್ಲಿ ವರದಿ ಮಾಡಿದರು. ಅವರ ಸ್ವಂತ ರೋಗನಿರೋಧಕ ಕಣಗಳೇ ಲಿವರ್ ಮೇಲೆ ಬಿದ್ದ ಲಕ್ಷಣ ಅಲ್ಲಿ ಕಂಡಿತ್ತು. ಅವ್ವ ಪ್ರೀತಿಯಿಂದಲೇ ಕೊಡುತ್ತಿದ್ದಾರೆ, ಬಲ್ಲೆ. ಆ ಪ್ರೀತಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು ಸಾಕು.

ಈಗ ಮೆದುಳಿನ ಗಾಯದ ಒಳಗೆ ಏನು ನಡೆಯುತ್ತದೆ ನೋಡೋಣ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಇದು ಅರ್ಥವಾದರೆ ಇಂಜೆಕ್ಷನ್ ಯಾಕೆ, ಎಷ್ಟು ವರ್ಷ, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದೆಲ್ಲ ನಿಮಗೇ ಹೊಳೆಯುತ್ತದೆ.

ನರದ ಎಳೆಯ ಸುತ್ತ ಮೈಲಿನ್ ಎಂಬ ಕೊಬ್ಬಿನ ಪದರ ಇರುತ್ತದೆ. ಮೋಟರ್ ವೈರಿನ ಮೇಲಿನ ರಬ್ಬರ್ ಇದ್ದಂತೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ರಬ್ಬರಿಗೆ ಜೀವ ಇಲ್ಲ, ಮೈಲಿನ್‌ಗೆ ಇದೆ. ಆಲಿಗೋಡೆಂಡ್ರೋಸೈಟ್ ಎಂಬ ಜೀವಕೋಶ ತನ್ನ ಕೈಗಳನ್ನು ಚಾಚಿ ನರದ ಎಳೆಗಳಿಗೆ ಸುತ್ತುತ್ತದೆ. ಹೀಗೆ ಸುತ್ತಿದ್ದೇ ಮೈಲಿನ್. ಒಂದೊಂದು ಕೋಶ ಸುಮಾರು 50 ಕಡೆ ಹೀಗೆ ಸುತ್ತಬಲ್ಲದು. ಆದ್ದರಿಂದ ಒಂದು ಕೋಶ ಸತ್ತರೆ ಎಷ್ಟೋ ಎಳೆಗಳು ಒಟ್ಟಿಗೇ ಬರಿದಾಗುತ್ತವೆ. ಮೈಲಿನ್ ಇರುವ ದಪ್ಪ ನರದಲ್ಲಿ ಸಂದೇಶ ಸೆಕೆಂಡಿಗೆ 100 ಮೀಟರ್ ತನಕ ಓಡುತ್ತದೆ. ಮೈಲಿನ್ ಇಲ್ಲದ ಸಣ್ಣ ನರದಲ್ಲಿ ಒಂದು ಮೀಟರಿನ ಆಸುಪಾಸು, ಅಷ್ಟೇ.

ಈ ಗಾಯಗಳನ್ನು ಮೊದಲು ನೋಡಿದವರಿಗೆ ಒಂದು ಸುಳಿವು ಆಗಲೇ ಸಿಕ್ಕಿತ್ತು. 1863ರಲ್ಲಿ ರಿಂಡ್‌ಫ್ಲೈಷ್ ಎಂಬ ಜರ್ಮನ್ ವೈದ್ಯರು, ಪ್ರತಿ ಗಾಯದ ನಡುವೆ ಒಂದು ಸಣ್ಣ ರಕ್ತನಾಳ ಇರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಐದು ವರ್ಷದ ನಂತರ, 1868ರಲ್ಲಿ, ಪ್ಯಾರಿಸ್‌ನ ನರರೋಗ ವೈದ್ಯ ಶಾರ್ಕೊ ಈ ರೋಗಕ್ಕೆ ಒಂದು ಹೆಸರು, ಒಂದು ರೂಪ ಕೊಟ್ಟರು. ನಡುವಿನ ಆ ರಕ್ತನಾಳ ಇವತ್ತು ಎಂಆರ್‌ಐಯಲ್ಲೂ ಕಾಣುತ್ತದೆ. ಗಾಯ ಎಂಎಸ್‌ನದೇ ಎಂದು ಹೇಳಲು ಅದೂ ಒಂದು ಆಧಾರ. ಅದು ಯಾಕೆ ಮುಖ್ಯ ಅಂದರೆ, ದಾಳಿಕೋರರು ಬರುವ ದಾರಿಯೇ ಅದು.

ಹಾಗಾದರೆ ಯಾರು ಬರುತ್ತಾರೆ? ಮೊದಲು ಟಿ ಸೆಲ್‌ಗಳು. ಇವು ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ. ಕುತ್ತಿಗೆ, ಕಂಕುಳಲ್ಲಿರುವ ಲಿಂಫ್ ಗ್ರಂಥಿಗಳಲ್ಲಿ ಇವಕ್ಕೆ ಶತ್ರುವಿನ ಗುರುತು ಸಿಗುತ್ತದೆ. ಎಂಎಸ್‌ನಲ್ಲಿ ಕೆಲವು ಟಿ ಸೆಲ್‌ಗಳು ಮೈಲಿನ್ನನ್ನೇ ಶತ್ರು ಎಂದುಕೊಂಡು ಎಚ್ಚರಗೊಂಡಿರುತ್ತವೆ. ಸಾಮಾನ್ಯವಾಗಿ ಮೆದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ, ಯಾರನ್ನೂ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಎಚ್ಚರಗೊಂಡ ಟಿ ಸೆಲ್‌ನ ಮೈಮೇಲೆ ಅಂಟಿನಂಥ ಒಂದು ಕೊಂಡಿ ಇರುತ್ತದೆ. ಅದರಿಂದ ಅದು ನಾಳದ ಗೋಡೆಗೆ ಅಂಟಿಕೊಂಡು, ನಿಧಾನಕ್ಕೆ ನುಸುಳಿ ಆಚೆ ಬರುತ್ತದೆ. ಅಲ್ಲಿ ಇನ್ನೊಂದು ಕೋಶ ಮೈಲಿನ್‌ನ ಚೂರನ್ನು ತೋರಿಸಿದರೆ ಸಾಕು, ಅದು ರಾಸಾಯನಿಕ ಕೂಗು ಹಾಕುತ್ತದೆ. ಆ ಕೂಗಿಗೆ ಗೋಡೆ ಇನ್ನಷ್ಟು ಸಡಿಲವಾಗುತ್ತದೆ, ರಕ್ತದಿಂದ ಇನ್ನಷ್ಟು ಕಣಗಳು ನುಗ್ಗುತ್ತವೆ. ಎಂಆರ್‌ಐಯಲ್ಲಿ ಬಣ್ಣದ ಇಂಜೆಕ್ಷನ್ ಕೊಟ್ಟಾಗ ಒಂದು ಗಾಯ ಬೆಳ್ಳಗೆ ಹೊಳೆಯುತ್ತದಲ್ವಾ, ಗೋಡೆ ಸೋರುತ್ತಿರುವ ಜಾಗ ಅದು.

ಟಿ ಸೆಲ್‌ನಲ್ಲಿ ಎರಡು ಬಗೆ, ಸಿಡಿ4 ಮತ್ತು ಸಿಡಿ8. ಜಗಳ ಶುರು ಮಾಡುವುದು ಸಿಡಿ4 ಎಂದು ಬಹುಕಾಲ ಎಲ್ಲ ಗಮನ ಅದರ ಮೇಲೇ ಇತ್ತು. ಆದರೆ ರೋಗಿಗಳ ಮೆದುಳಿನ ಗಾಯಗಳನ್ನು ಎಣಿಸಿ ನೋಡಿದಾಗ ಅಲ್ಲಿ ಹೆಚ್ಚಾಗಿ ಸಿಕ್ಕಿದ್ದು ಸಿಡಿ8. ಇವುಗಳಲ್ಲಿ ಹಲವು ಬಂದವು ಹೋಗುವುದಿಲ್ಲ, ಅಲ್ಲೇ ಬೀಡು ಬಿಡುತ್ತವೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೈಲಿನ್ನನ್ನು ಕಿತ್ತು ತಿನ್ನುವ ಕೆಲಸವನ್ನು ಟಿ ಸೆಲ್‌ಗಳು ಮಾಡುವುದಿಲ್ಲ. ಅದಕ್ಕೆ ಮ್ಯಾಕ್ರೋಫೇಜ್ ಇವೆ. ರಕ್ತದಿಂದ ಬರುವ ದೊಡ್ಡ ಹೊಟ್ಟೆಯ ಕಣಗಳು ಇವು. ಜೊತೆಗೆ ಮೆದುಳಿನಲ್ಲೇ ಹುಟ್ಟಿನಿಂದ ವಾಸಿಸುವ ಮೈಕ್ರೋಗ್ಲಿಯಾ ಇವೆ. ಹೊಸ ಗಾಯದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ತಿಂದ ಮೈಲಿನ್ ಕೊಬ್ಬಿನಿಂದ ಉಬ್ಬಿ ನೊರೆಯಂತೆ ಕಾಣುವ ಕಣಗಳೇ ತುಂಬಿರುತ್ತವೆ. ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ಅದನ್ನು ನೋಡಿ ನನಗೆ ಸಿಟ್ಟು ಬಂದಿತ್ತು. ಇವುಗಳೇ ಅಪರಾಧಿಗಳು ಎಂದುಕೊಂಡಿದ್ದೆ.

ಆದರೆ ಇವೇ ಕಣಗಳು ಗಾಯವನ್ನು ಗುಡಿಸುತ್ತವೆ ಕೂಡ. ಮುರಿದು ಬಿದ್ದ ಮೈಲಿನ್ ಚೂರು ಅಲ್ಲೇ ಉಳಿದರೆ ಹೊಸ ಮೈಲಿನ್ ಬೆಳೆಯುವುದಿಲ್ಲ. ಕಸ ತೆಗೆದ ಮೇಲೆಯೇ ಎಳೆಯ ಆಲಿಗೋಡೆಂಡ್ರೋಸೈಟ್‌ಗಳು ಬಂದು ಮತ್ತೆ ಸುತ್ತಲು ಶುರು ಮಾಡುತ್ತವೆ. ನಿಮ್ಮ ತಂಗಿಯ ಕಣ್ಣು ಮೊದಲ ಸಲ ಔಷಧಿ ಇಲ್ಲದೆ ಸುಧಾರಿಸಿತಲ್ಲ, ಊತ ಇಳಿದದ್ದು ಒಂದು ಕಾರಣ. ಈ ರಿಪೇರಿ ಕೂಡ ಅದರಲ್ಲಿ ಪಾಲು ಪಡೆದಿರುತ್ತದೆ. ಹೊಸದಾಗಿ ಬಂದ ಪದರ ಹಳೆಯದಕ್ಕಿಂತ ತೆಳು. ಆದರೂ ನರವನ್ನು ಕಾಪಾಡುತ್ತದೆ. ಅದಕ್ಕೇ ‘ಈ ಕಣಗಳನ್ನೆಲ್ಲ ಕೊಂದುಬಿಟ್ಟರೆ ಆಯಿತಲ್ಲ’ ಎಂದು ಯಾರಾದರೂ ಕೇಳಿದರೆ, ಬೇಡ ಎನ್ನುತ್ತೇನೆ.

ಈಗ ನಿಮ್ಮನ್ನು ಗಾಬರಿಪಡಿಸಿದ ಬಿ ಸೆಲ್ ಕಥೆ. ಬಿ ಸೆಲ್ ಅಂದರೆ ಆಂಟಿಬಾಡಿ, ಅಂದರೆ ಶತ್ರುವಿಗೆ ಅಂಟಿಕೊಳ್ಳುವ ಪ್ರೋಟೀನ್, ತಯಾರಿಸುವ ವಂಶದ ಕಣ. ಎಂಎಸ್ ರೋಗಿಗಳ ಬೆನ್ನುನೀರಿನಲ್ಲಿ ಆಂಟಿಬಾಡಿ ಹೆಚ್ಚಿರುವುದು 1940ರ ದಶಕದಿಂದಲೇ ಗೊತ್ತಿತ್ತು. ಆದರೂ ಬಿ ಸೆಲ್‌ನ ಪಾತ್ರ ಸಣ್ಣದು ಎಂದೇ ಬಹಳ ಜನ ನಂಬಿದ್ದರು. 2008ರಲ್ಲಿ 104 ರೋಗಿಗಳ ಮೇಲೆ ರಿಟುಕ್ಸಿಮ್ಯಾಬ್ ಪರೀಕ್ಷೆಯ ಫಲಿತಾಂಶ ಬಂತು. ಈ ಔಷಧಿ ಸಿಡಿ20 ಎಂಬ ಗುರುತು ಇರುವ ಬಿ ಸೆಲ್‌ಗಳನ್ನು ತೆಗೆಯುತ್ತದೆ. ಒಂದೇ ಕೋರ್ಸಿಗೆ ಎಂಆರ್‌ಐಯಲ್ಲಿ ಹೊಳೆಯುವ ಗಾಯಗಳು ಶೇಕಡಾ 91ರಷ್ಟು ಇಳಿದವು. ಇದರಲ್ಲಿ ನನಗೆ ಇವತ್ತಿಗೂ ಬಹಳ ಹಿಡಿಸುವ ಒಂದು ಸಂಗತಿ ಇದೆ. ಆಂಟಿಬಾಡಿ ತಯಾರಿಸುವ ನಿಜವಾದ ಕಾರ್ಖಾನೆ ಪ್ಲಾಸ್ಮಾ ಸೆಲ್. ಅದರ ಮೇಲೆ ಸಿಡಿ20 ಗುರುತು ಇರುವುದಿಲ್ಲ. ಹಾಗಾಗಿ ಔಷಧಿ ಅದನ್ನು ಮುಟ್ಟಲಿಲ್ಲ, ಆಂಟಿಬಾಡಿ ಹೆಚ್ಚು ಇಳಿಯಲಿಲ್ಲ. ಆದರೂ ಹೊಸ ಗಾಯ ಬಹುತೇಕ ನಿಂತುಹೋಯಿತು. ಅಂದರೆ ಬಿ ಸೆಲ್ ಇಲ್ಲಿ ಆಂಟಿಬಾಡಿಗಿಂತ ಬೇರೆ ಯಾವುದೋ ಕೆಲಸ ಮಾಡುತ್ತಿತ್ತು. ಟಿ ಸೆಲ್‌ಗೆ ಮೈಲಿನ್ ತೋರಿಸಿ ಕೆರಳಿಸುವುದು, ಉರಿ ಹೆಚ್ಚಿಸುವ ರಾಸಾಯನಿಕ ಬಿಡುವುದು, ಇವೇ ಆ ಕೆಲಸ. ಟಿ ಸೆಲ್‌ಗೆ ಚಿತಾವಣೆ ಕೊಡುವವನನ್ನು ತೆಗೆದರೆ ಜಗಳವೇ ತಣ್ಣಗಾಯಿತು.

‘ಬಿ ಸೆಲ್ ಸೊನ್ನೆ’ ಅಂದರೆ ಔಷಧಿ ಕೆಲಸ ಮಾಡಿದೆ ಎಂದರ್ಥ. ಪ್ಲಾಸ್ಮಾ ಸೆಲ್‌ಗಳು ಉಳಿದಿವೆ, ಚಿಕ್ಕಂದಿನ ಲಸಿಕೆಗಳ ರಕ್ಷಣೆ ಬಹಳಮಟ್ಟಿಗೆ ಉಳಿದಿದೆ, ಟಿ ಸೆಲ್ ಇವೆ. ಮೂಳೆಯ ಮಜ್ಜೆಯಿಂದ ಕೆಲವು ತಿಂಗಳಲ್ಲಿ ಹೊಸ ಬಿ ಸೆಲ್ ಬರಲು ಶುರುವಾಗುತ್ತವೆ. ಅದಕ್ಕೇ ಡೋಸ್ ಮತ್ತೆ ಬೇಕಾಗುವುದು. ಹಾಗಂತ ಮೈಮರೆಯಬೇಡಿ. ವರ್ಷಗಟ್ಟಲೆ ಕೊಟ್ಟಾಗ ಆಂಟಿಬಾಡಿ ಮಟ್ಟ ಇಳಿಯಬಹುದು. ಅದನ್ನು ಆಗಾಗ ರಕ್ತದಲ್ಲಿ ನೋಡಬೇಕು. ಹೆಪಟೈಟಿಸ್ ಬಿ ಮತ್ತು ಟಿಬಿ ಪರೀಕ್ಷೆ ಮೊದಲೇ ಆಗಿರಬೇಕು. ಜೀವಂತ ವೈರಸ್ ಇರುವ ಲಸಿಕೆ ಬೇಡ. ಜ್ವರ, ಕೆಮ್ಮು ಬಂದರೆ ಮೆಡಿಕಲ್ ಅಂಗಡಿಯ ಮಾತ್ರೆಯಲ್ಲಿ ದಿನ ದೂಡಬೇಡಿ. ಈ ಔಷಧಿಗೆ ದೇಶೀ ತಯಾರಿಕೆ ಇರುವುದು ನಮ್ಮಂಥವರ ಪುಣ್ಯ. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲೇ ಇದನ್ನು ಇಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದಿತು.

ಟಿ ಸೆಲ್ ಬರುವ ದಾರಿಯನ್ನೇ ಮುಚ್ಚುವ ಔಷಧಿಯೂ ಇದೆ, ನಟಾಲಿಜುಮ್ಯಾಬ್. ಆ ಅಂಟಿನ ಕೊಂಡಿಗೆ ಅಡ್ಡ ಬರುತ್ತದೆ, ಕಣ ಗೋಡೆಗೆ ಹಿಡಿಯಲಾರದೆ ಜಾರುತ್ತದೆ. 2004ರಲ್ಲಿ ಅಮೆರಿಕದಲ್ಲಿ ಬಂತು. ಗಾಯಗಳು ಬಹಳ ಕಮ್ಮಿಯಾದವು. ಆದರೆ ಮರುವರ್ಷವೇ ವಾಪಸ್ ತೆಗೆದುಕೊಂಡರು. ಕೆಲವರ ಮೆದುಳಿನಲ್ಲಿ ಜೆಸಿ ಎಂಬ ವೈರಸ್ ಏಳತೊಡಗಿತ್ತು. ಅದನ್ನು ಸುಮ್ಮನೆ ಮಲಗಿಸಿಡುತ್ತಿದ್ದದ್ದು ದಿನಾ ಗಸ್ತು ತಿರುಗುವ ಇದೇ ಟಿ ಸೆಲ್‌ಗಳು. ದಾಳಿಕೋರರ ಜೊತೆ ಕಾವಲುಗಾರರೂ ಹೊರಗೇ ಉಳಿದಿದ್ದರು. 2006ರಲ್ಲಿ ಕಟ್ಟುನಿಟ್ಟಿನ ನಿಗಾ ಇಟ್ಟು ಔಷಧಿಯನ್ನು ಮತ್ತೆ ಬಿಟ್ಟರು.

ಟಿ ಸೆಲ್ ಗುರುತು ತಪ್ಪುವುದಾದರೂ ಯಾಕೆ? ಒಂದು ದೊಡ್ಡ ಕಾರಣ ಎಪ್‌ಸ್ಟೈನ್-ಬಾರ್ ವೈರಸ್. ನೂರರಲ್ಲಿ 90ಕ್ಕೂ ಹೆಚ್ಚು ಜನರ ಮೈಯಲ್ಲಿ ಇದು ಇರುತ್ತದೆ. ಎಂಜಲಿನಿಂದ ಹರಡುತ್ತದೆ, ಬಿ ಸೆಲ್ ಒಳಗೇ ಸೇರಿ ಜೀವನಪೂರ್ತಿ ಇರುತ್ತದೆ. ಅಮೆರಿಕದ ಸೈನ್ಯದ ಒಂದು ಕೋಟಿಗೂ ಹೆಚ್ಚು ಜನರ ದಾಖಲೆ ಮತ್ತು ಕೂಡಿಟ್ಟ ರಕ್ತವನ್ನು ಆಧರಿಸಿದ ಅಧ್ಯಯನ 2022ರಲ್ಲಿ ಬಂತು. ಈ ವೈರಸ್ ತಗಲಿದ ಮೇಲೆ ಎಂಎಸ್ ಅಪಾಯ 32 ಪಟ್ಟು ಏರುತ್ತದೆ ಎಂದು ಅದು ತೋರಿಸಿತು. ವೈರಸ್‌ನ ಒಂದು ಪ್ರೋಟೀನ್, ಮೆದುಳಿನ ಒಂದು ಪ್ರೋಟೀನನ್ನು ಹೋಲುತ್ತದೆ. ಕೆಲವು ರೋಗಿಗಳಲ್ಲಿ ಒಂದಕ್ಕೆ ಹುಟ್ಟಿದ ಆಂಟಿಬಾಡಿ ಇನ್ನೊಂದಕ್ಕೂ ಅಂಟುವುದು ಅದೇ ವರ್ಷ ಗೊತ್ತಾಯಿತು. ಆದರೆ ವೈರಸ್ ಇರುವವರಲ್ಲಿ ಬಹುತೇಕ ಯಾರಿಗೂ ಎಂಎಸ್ ಬರುವುದಿಲ್ಲ. ಹುಟ್ಟಿನಿಂದ ಬಂದ ಕೆಲವು ಜೀನ್‌ಗಳೂ ಜೊತೆ ಸೇರಬೇಕು. ಇದರಲ್ಲಿ ಯಾವುದು ನಿಮ್ಮ ಕೈಯಲ್ಲಿತ್ತು, ಹೇಳಿ?

ಇನ್ನು ಕಷ್ಟದ ಮಾತು. ಇದನ್ನು ತೊಗರಿ ಬೆಳೆಯುವ ನಿಮಗೆ ಹೇಳುವುದು ಸುಲಭ. ಹೂವು, ಕಾಯಿ ಹೊತ್ತಿಗೆ ಕಾಯಿಕೊರಕದ ಪತಂಗ ಹೊರಗಿನಿಂದ ಹಾರಿ ಬಂದು ಮೊಟ್ಟೆ ಇಡುತ್ತದೆ. ಸಮಯ ನೋಡಿ ಔಷಧಿ ಹೊಡೆದರೆ ತಡೆಯಬಹುದು. ನೆಟೆ ರೋಗ ಹಾಗಲ್ಲ. ಅದು ಮಣ್ಣಿನಲ್ಲೇ ವರ್ಷಗಟ್ಟಲೆ ಕೂತಿರುತ್ತದೆ, ಬೇರಿನಿಂದ ಒಳಗೇ ಏರುತ್ತದೆ. ಮೇಲಿನಿಂದ ಎಷ್ಟು ಸಿಂಪಡಿಸಿದರೂ ಅದಕ್ಕೆ ತಾಗುವುದಿಲ್ಲ. ಎಂಎಸ್‌ನಲ್ಲೂ ಹೀಗೆ ಎರಡು ಇವೆ. ಒಮ್ಮೆಲೇ ಕಣ್ಣು ಮಂಜಾಗುವುದು, ಕಾಲು ಜೋಮು ಹಿಡಿಯುವುದು ರಕ್ತದಿಂದ ಹಾರಿ ಬಂದ ಕಣಗಳ ದಾಳಿ. ಇದನ್ನು ಇವತ್ತಿನ ಔಷಧಿಗಳು ಚೆನ್ನಾಗಿ ತಡೆಯುತ್ತವೆ. ಎರಡನೆಯದು ಒಳಗೇ ಹೊಗೆಯಾಡುವುದು. ಬೀಡು ಬಿಟ್ಟ ಟಿ ಸೆಲ್‌ಗಳು, ಮೆದುಳಿನ ಹೊದಿಕೆಯಲ್ಲಿ ಗುಂಪು ಕಟ್ಟಿದ ಬಿ ಸೆಲ್‌ಗಳು, ಕೆರಳಿದ ಮೈಕ್ರೋಗ್ಲಿಯಾ, ಇವೆಲ್ಲ ಗೋಡೆ ಮತ್ತೆ ಮುಚ್ಚಿಕೊಂಡ ಮೇಲೂ ಒಳಗೇ ಕೆಲಸ ನಡೆಸುತ್ತವೆ. ಕೆಲವು ಹಳೆಯ ಗಾಯಗಳ ಅಂಚಿನಲ್ಲಿ ಕಬ್ಬಿಣದ ಅಂಶ ತುಂಬಿಕೊಂಡ ಮೈಕ್ರೋಗ್ಲಿಯಾ ಸಾಲುಗಟ್ಟಿರುತ್ತವೆ. ವಿಶೇಷ ಎಂಆರ್‌ಐಯಲ್ಲಿ ಅದು ಕಪ್ಪು ಅಂಚಾಗಿ ಕಾಣುತ್ತದೆ. ನೆಟೆ ಬಂದ ಗಿಡದ ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದಲ್ಲ, ನನಗೆ ಆ ಅಂಚನ್ನು ನೋಡಿದಾಗಲೆಲ್ಲ ಅದೇ ನೆನಪಾಗುತ್ತದೆ. ಅಂಥ ಗಾಯ ಮೆಲ್ಲಗೆ ಹಿಗ್ಗುತ್ತದೆ, ನರದ ಎಳೆಯನ್ನೇ ಸವೆಸುತ್ತದೆ. ಒಳಗಿನ ಇವಕ್ಕೆ ತಾಗುವ ಹೊಸ ಮಾತ್ರೆಗಳ ಪರೀಕ್ಷೆ ಈಗ ನಡೆದಿದೆ. ಟೋಲೆಬ್ರುಟಿನಿಬ್ ಎಂಬ ಒಂದು ಮಾತ್ರೆ ಅಂಗವೈಕಲ್ಯದ ಏರಿಕೆಯನ್ನು ಸ್ವಲ್ಪ ನಿಧಾನಿಸಿದೆ, ಆದರೆ ಲಿವರಿಗೆ ತೊಂದರೆಯ ಭಯವೂ ಅದರ ಜೊತೆಗಿದೆ.

ಇದನ್ನೆಲ್ಲ ನಿಮ್ಮನ್ನು ಹೆದರಿಸಲು ಹೇಳಿಲ್ಲ. ಹೊರಗಿನಿಂದ ಬರುವವರನ್ನು ಬೇಗ ತಡೆದಷ್ಟೂ ಒಳಗೆ ಬೀಡು ಬಿಡುವವರು ಕಮ್ಮಿ. ನಿಮ್ಮ ತಂಗಿಗೆ ಎರಡನೇ ದಾಳಿಗೇ ಗಟ್ಟಿ ಔಷಧಿ ಸಿಕ್ಕಿದೆ. ಯಾದಗಿರಿ ಕಡೆಯ ಒಬ್ಬ ಹುಡುಗ ನನ್ನ ಬಳಿ ಬಂದಾಗ ನಾಲ್ಕು ದಾಳಿ ಆಗಿಹೋಗಿದ್ದವು. ಮೂರು ವರ್ಷ ಒಂದು ಕಡೆ ಅವನಿಗೆ ‘ನರದ ವೀಕ್‌ನೆಸ್’ ಎಂದು ಬರೀ ಬಿ12 ಇಂಜೆಕ್ಷನ್ ಕೊಟ್ಟಿದ್ದರು. ಅವನು ಈಗಲೂ ಕೋಲು ಹಿಡಿದೇ ನಡೆಯುತ್ತಾನೆ. ಆ ಮೂರು ವರ್ಷದ ನೋವು ನನ್ನಿಂದ ಇನ್ನೂ ಹೋಗಿಲ್ಲ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ. ಈಗ ಚೆನ್ನಾಗಿದ್ದಾಳೆ ಎಂದು ಮುಂದಿನ ಡೋಸ್ ತಪ್ಪಿಸಬೇಡಿ.

ಬಿಸಿಲಿನ ವಿಷಯಕ್ಕೆ ಬರೋಣ. ಇಲ್ಲಿ ಒಳ್ಳೆಯ ಸುದ್ದಿಯೇ ಇದೆ. 1890ರಲ್ಲಿ ಊಟ್‌ಹಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು, ಮೈ ದಣಿದಾಗ ಈ ರೋಗಿಗಳ ದೃಷ್ಟಿ ಮಂಜಾಗಿ ಆಮೇಲೆ ಸರಿಯಾಗುವುದನ್ನು ಬರೆದಿಟ್ಟರು. ಕಾರಣ ಮೈಯ ಕಾವು ಎಂಬುದು ಆಮೇಲೆ ತಿಳಿಯಿತು. ಮೈಲಿನ್ ತೆಳುವಾದ ನರ ಸಂದೇಶವನ್ನು ಹೇಗೋ ದಾಟಿಸುತ್ತಿರುತ್ತದೆ. ಮೈಯ ಕಾವು ಅರ್ಧ ಡಿಗ್ರಿ ಏರಿದರೂ ಅದಕ್ಕೆ ಆಗುವುದಿಲ್ಲ. ಇದರಲ್ಲಿ ರೋಗನಿರೋಧಕ ಕಣಗಳ ಪಾತ್ರ ಇಲ್ಲವೇ ಇಲ್ಲ. ಹೊಸ ಗಾಯವೂ ಇಲ್ಲ. ಮೈ ತಣ್ಣಗಾದರೆ ಕಣ್ಣು ತಿಳಿಯಾಗುತ್ತದೆ. ನಮ್ಮ ಏಪ್ರಿಲ್, ಮೇ ನಿಮಗೆ ಗೊತ್ತೇ ಇದೆ, 42 ಡಿಗ್ರಿ ಇಲ್ಲಿ ಹೊಸದೇನಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಗಿನ ಹೊತ್ತಿಗೆ ಸರಿಯುತ್ತವೆ. ಅವಳ ಹೊರಗಿನ ಕೆಲಸವೂ ಬೆಳಗ್ಗೆಯೇ ಮುಗಿಯಲಿ. ಒದ್ದೆ ಟವೆಲ್ ಕುತ್ತಿಗೆಗೆ, ಗಡಿಗೆಯ ನೀರು, ತಣ್ಣೀರ ಸ್ನಾನ, ಮನೆಯಲ್ಲೊಂದು ಕೂಲರ್. ತೀರಾ ಬಿಸಿ ನೀರು ಬೇಡ.

ಆದರೆ ತಣ್ಣಗೆ ಕೂತು 24 ಗಂಟೆ ಕಳೆದರೂ ಮಂಜು ಹೋಗದಿದ್ದರೆ, ಕಣ್ಣು ಹೊರಳಿಸಿದಾಗ ನೋವಿದ್ದರೆ, ಹಿಂದೆಂದೂ ಇಲ್ಲದ ಹೊಸ ತೊಂದರೆ ಬಂದರೆ, ಅದನ್ನು ದಾಳಿ ಎಂದೇ ತಿಳಿದು ಅಂದೇ ವೈದ್ಯರ ಬಳಿ ಹೋಗಿ. ಮೊದಲು ಜ್ವರ, ಮೂತ್ರದ ಸೋಂಕು ಇದೆಯೇ ನೋಡುತ್ತಾರೆ. ಆಮೇಲೆ ಬೇಕಿದ್ದರೆ ಮೂರರಿಂದ ಐದು ದಿನ ಸ್ಟಿರಾಯ್ಡ್ ಡ್ರಿಪ್.

ಮದುವೆ ಮಾತು ನಿಲ್ಲಿಸಬೇಡಿ. ರೋಗದ ವಿಷಯ ಹುಡುಗನ ಮನೆಯವರಿಗೆ ಮುಚ್ಚಿಡಲೂಬೇಡಿ. ಅವಳು ಒಪ್ಪಿದರೆ ಹುಡುಗನನ್ನೇ ಒಮ್ಮೆ ವೈದ್ಯರ ಬಳಿ ಕರೆತನ್ನಿ, ನಾನಾಗಿದ್ದರೆ ಹಾಗೇ ಮಾಡಿಸುತ್ತಿದ್ದೆ. ಯುರೋಪಿನ 12 ದೇಶಗಳ 254 ಗರ್ಭಿಣಿಯರ ಅಧ್ಯಯನ 1998ರಲ್ಲಿ ಬಂದಿತ್ತು. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ದಾಳಿ ಬಹಳ ಇಳಿದಿತ್ತು. ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಮತ್ತೆ ಏರಿತ್ತು. ಮಗುವನ್ನು ಹೊರಗಿನದು ಎಂದು ತಳ್ಳದಿರಲು ತಾಯಿಯ ರೋಗನಿರೋಧಕ ಕಣಗಳು ತಾವಾಗಿ ಮೆತ್ತಗಾಗುತ್ತವೆ, ಅದರ ಲಾಭ ಮೆದುಳಿಗೂ ಸಿಗುತ್ತದೆ. ಔಷಧಿಯ ಡೋಸ್ ಯಾವಾಗ, ಬಸಿರು ಯಾವಾಗ ಎಂದು ಮೊದಲೇ ಕೂತು ಗೊತ್ತು ಮಾಡಿಕೊಳ್ಳಬೇಕು, ಅಷ್ಟೇ.

ನಿಮ್ಮ ಪತ್ರದಲ್ಲಿ ಒಂದು ಪರೀಕ್ಷೆಯ ಹೆಸರು ಇಲ್ಲ. ಅಕ್ವಾಪೋರಿನ್-4 ಆಂಟಿಬಾಡಿ. ಕಣ್ಣು ಮತ್ತು ಬೆನ್ನುಹುರಿಗೆ ಬರುವ ಎನ್‌ಎಂಒ ಎಂಬ ಇನ್ನೊಂದು ರೋಗ ಇದೆ. ನೋಡಲು ಎಂಎಸ್ ತರಹವೇ ಇರುತ್ತದೆ. 2004ರ ತನಕ ಎರಡನ್ನೂ ರಕ್ತ ಪರೀಕ್ಷೆಯಲ್ಲಿ ಬೇರೆ ಮಾಡುವ ದಾರಿಯೇ ಇರಲಿಲ್ಲ. ಅದರಲ್ಲಿ ಆಂಟಿಬಾಡಿಯೇ ನೇರ ಅಪರಾಧಿ, ಪೆಟ್ಟು ಮೊದಲು ಬೀಳುವುದು ಮೈಲಿನ್‌ಗಲ್ಲ, ಆಸ್ಟ್ರೋಸೈಟ್ ಎಂಬ ಕೋಶಕ್ಕೆ. ರಿಟುಕ್ಸಿಮ್ಯಾಬ್ ಎರಡಕ್ಕೂ ನಡೆಯುತ್ತದೆ. ಆದರೆ ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮಾಡ್, ನಟಾಲಿಜುಮ್ಯಾಬ್ ಎನ್‌ಎಂಒ ಇದ್ದವರಿಗೆ ಕೇಡು ಮಾಡಬಹುದು. ಮುಂದೆ ಯಾವಾಗಲಾದರೂ ಔಷಧಿ ಬದಲಿಸುವ ಮಾತು ಬಂದರೆ ಇದು ಗೊತ್ತಿರಲೇಬೇಕು. ಹೈದರಾಬಾದಿನ ಫೈಲ್ ತೆಗೆದು ಈ ಹೆಸರು ಇದೆಯೇ ಹುಡುಕಿ. ಇಲ್ಲದಿದ್ದರೆ ಮುಂದಿನ ಡೋಸಿಗೆ ಹೋದಾಗ, ಡ್ರಿಪ್ ಹಚ್ಚುವ ಮುಂಚೆಯೇ ಈ ಪರೀಕ್ಷೆಗೆ ರಕ್ತ ತೆಗೆಯಲು ಕೇಳಿ.